ಪಕ್ಕವಾದ್ಯದ ರುಕ್ಮಿಣಿಯಕ್ಕ

ರುಕ್ಮಿಣಿಯಕ್ಕನಿಗೆ ಒಬ್ಬರೇ ಕೂತು ಪಿಟೀಲು ನುಡಿಸಲು ಬರುತ್ತಿರಲಿಲ್ಲ. ಹೀಗೆಂದರೆ ಜನ ನಗುತ್ತಾರೆ. ಮೈಸೂರಿನಲ್ಲಿ ಹಾಲುಹಲ್ಲು ಬೀಳುವ ಮುಂಚೆಯೇ ಕಮಾನು ಹಿಡಿದವರು, ರಾಮನವಮಿಯ ಚಪ್ಪರಗಳಲ್ಲಿ ತಾಸುಗಟ್ಟಲೆ ನುಡಿಸಿದವರು, ಅವರಿಗೆ ಬರುವುದಿಲ್ಲವೆಂದರೆ ಏನರ್ಥ? ಆದರೆ ಅವರು ನುಡಿಸಿದ್ದೆಲ್ಲ ತಮ್ಮ ಅಕ್ಕ ಮೈತ್ರಿಯ ಹಾಡಿಕೆಗೆ ಪಕ್ಕವಾದ್ಯವಾಗಿ. ಅಕ್ಕ ಹಾಡಿದ್ದನ್ನು ಅರೆಗಳಿಗೆ ಹಿಂದಿನಿಂದ ಹಿಡಿಯುವುದು, ಅಕ್ಕ ನಿಂತಲ್ಲಿ ತಾವು ತುಂಬುವುದು, ಅಕ್ಕನಿಗೆ ಕೆಮ್ಮು ಬಂದರೆ ಸಭೆಗೆ ತಿಳಿಯದ ಹಾಗೆ ಮುಚ್ಚುವುದು, ಇದೇ ಅವರು ಕಲಿತ ವಿದ್ಯೆ. ಮೈತ್ರಿ ಮದುವೆಯಾಗಿ ಪುಣೆಗೆ ಹೋಗಿ ಹಾಡುವುದನ್ನು ಬಿಟ್ಟಾಗ ತಂಗಿಯ ಪಿಟೀಲೂ ಪೆಟ್ಟಿಗೆ ಸೇರಿತು.

"ಪಕ್ಕವಾದ್ಯ ಅಂದ್ಮೇಲೆ ಪಕ್ಕದಲ್ಲಿ ಯಾರಾದ್ರೂ ಇರ್ಬೇಕಲ್ಲ ಗೌರಾ," ಎಂದು ಒಮ್ಮೆ ನನಗೆ ಹೇಳಿದ್ದರು. "ಒಬ್ಬಳೇ ನುಡಿಸೋಕೆ ಕೂತ್ರೆ ಎಲ್ಲಿಂದ ಶುರು ಮಾಡ್ಬೇಕು ಅಂತಾನೇ ಗೊತ್ತಾಗಲ್ಲ."

ನಾನು ಗೌರಾದೇವಿ, ಬಾಗಲಕೋಟೆ ಕಡೆಯವಳು. ನನ್ನ ಗಂಡ ಅಡಿವೆಪ್ಪ ಸಿಯಾಟಲ್ ಹತ್ತಿರದ ಎವರೆಟ್‌ನ ವಿಮಾನದ ಕಾರ್ಖಾನೆಯಲ್ಲಿ ಇಂಜಿನಿಯರ್. ರುಕ್ಮಿಣಿಯಕ್ಕನ ಗಂಡ ಶಿವಕುಮಾರ ಅವರೂ ಅಲ್ಲಿಯೇ ಕೆಲಸಕ್ಕಿದ್ದರು. ಮುಕಿಲ್ಟಿಯೊದ ಅಪಾರ್ಟ್‌ಮೆಂಟಿನಲ್ಲಿ ನಾವು ಮೇಲೆ, ಅವರು ಕೆಳಗೆ. ಬೆಳಿಗ್ಗೆ ಅವರ ಮನೆಯಿಂದ ಒಂದು ತಮಾಷೆಯ ಕಛೇರಿ ಕೇಳಿಸುತ್ತಿತ್ತು. ಶಿವಕುಮಾರ ಅವರು ಗಡ್ಡ ಹೆರೆದುಕೊಳ್ಳುತ್ತ ಹಳೆಯ ಸಿನಿಮಾ ಹಾಡು ಗುನುಗುವರು. ಶ್ರುತಿಯೂ ಇಲ್ಲ, ತಾಳವೂ ಇಲ್ಲ. ಬ್ಲೇಡು ಮೂಗಿನ ಕೆಳಗೆ ಬಂದಾಗ ಹಾಡು ನಿಲ್ಲುವುದು. ರುಕ್ಮಿಣಿಯಕ್ಕ ಮಂಚದ ಮೇಲೆ ಕೂತು ಪೆಟ್ಟಿಗೆಯಿಂದ ಮತ್ತೆ ತೆಗೆದ ಪಿಟೀಲಿನ ತಲೆಯನ್ನು ಪಾದಕ್ಕೆ ಒರಗಿಸಿಕೊಂಡು, ಆ ಗುನುಗಿಗೂ ಜೊತೆ ಕೊಡುವರು, ಬ್ಲೇಡು ದಾಟುವ ತನಕ ಕಾಯುವರು. 2011ರ ಚಳಿಗಾಲದಲ್ಲಿ ಶಿವಕುಮಾರ ಅವರು ಕೆಲಸದಿಂದ ಬಂದು ಸೋಫಾದ ಮೇಲೆ ಕೂತವರು ಮತ್ತೆ ಏಳಲಿಲ್ಲ. ಕೆಳಗಿನ ಮನೆ ಸುಮ್ಮನಾಯಿತು.

ಮಕ್ಕಳಿರಲಿಲ್ಲ. ಎಲ್ಲರೂ ಊರಿಗೆ ಹೋಗಿಬಿಡಿ ಎಂದರು. ಹೇಳುವವರಿಗೇನು, ವಿಮಾನದ ಟಿಕೆಟ್ಟು ಹರಿದು ಕೊಟ್ಟ ಹಾಗೆ ಹೇಳುತ್ತಾರೆ. ಊರಿನಲ್ಲಿ ತಂದೆತಾಯಿ ಹೋಗಿಯಾಗಿತ್ತು, ಅಕ್ಕ ತನ್ನ ಸಂಸಾರದಲ್ಲಿ ಮುಳುಗಿದ್ದಳು. ಇಲ್ಲಿ ಒಂದು ಶಾಲೆಯ ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವ ಕೆಲಸವಾದರೂ ಇತ್ತು. ರುಕ್ಮಿಣಿಯಕ್ಕ ಉಳಿದರು. ನಮ್ಮವರು ಹೆಚ್ಚಾಗಿ ಇರುವುದು ಬೆಲ್‌ವ್ಯೂದ ಕ್ರಾಸ್‌ರೋಡ್ಸ್ ಕಡೆ. ಅಲ್ಲಿ ಅರಿಶಿನ ಕುಂಕುಮಕ್ಕೆ ಹೆಂಗಸರನ್ನು ಕರೆಯುವಾಗ ನನ್ನ ಹೆಸರು ಇರುತ್ತಿತ್ತು, ಅವರದು ಇರುತ್ತಿರಲಿಲ್ಲ. ನಾಸಾದವರು ಮಂಗಳಕ್ಕೆ ಕಳಿಸಿದ ಗಾಡಿಯ ಫೋಟೋ ಫೋನಿನಲ್ಲಿ ನೋಡುತ್ತ ಕೂತಿರುವ ಹೆಂಗಸರು, ವಿಧವೆಗೆ ಕುಂಕುಮ ಕೊಡಬಾರದೆಂಬುದನ್ನು ಮಾತ್ರ ಮರೆತಿರಲಿಲ್ಲ. ನಾನೂ ಹೋಗುವುದನ್ನು ಬಿಟ್ಟೆ.

ಎರಡು ವರ್ಷದ ಮೇಲೆ ಗಣೇಶನ ಹಬ್ಬದ ಕಾರ್ಯಕ್ರಮಕ್ಕೆ ಒಬ್ಬ ಪಿಟೀಲಿನವರು ಬೇಕಾದರು. ಆಗ ನೆನಪಾದರು ನೋಡಿ. ಒಂದು ಹುಡುಗಿ ದೇವರನಾಮ ಹಾಡುವುದಿತ್ತು. ಮಗು ನಡುವೆ ಹೆದರಿ ಶ್ರುತಿ ಬಿಟ್ಟು ಮೇಲಕ್ಕೆ ಹೋಯಿತು. ರುಕ್ಮಿಣಿಯಕ್ಕ ಕಣ್ಣು ಮಿಟುಕಿಸದೆ ತಾವೂ ಅದರ ಹಿಂದೆಯೇ ಮೇಲಕ್ಕೆ ಹೋದರು, ಮಗು ತಪ್ಪಿದ್ದು ಮಗುವಿಗೇ ಗೊತ್ತಾಗದ ಹಾಗೆ ಹಾಡು ಮುಗಿಸಿಕೊಟ್ಟರು. ಊಟದ ಸಾಲಿನಲ್ಲಿ ಸುಮಿತ್ರಮ್ಮ ಎಂಬ ದೊಡ್ಡ ಗಂಟಲಿನ ಹೆಂಗಸು, "ಹುಡುಗಿ ಚೆನ್ನಾಗೇ ಹಾಡಿದ್ಲು, ಪಾಪ ಪಿಟೀಲೇ ಅಪಶ್ರುತಿ," ಎಂದರು. ನಾನು ಕೋಸಂಬರಿಯ ಸೌಟನ್ನು ಕೆಳಗಿಟ್ಟು ಅವರತ್ತ ತಿರುಗಿದೆ. ರುಕ್ಮಿಣಿಯಕ್ಕ ನನ್ನ ತೋಳು ಹಿಡಿದರು.

"ಬಿಡು ಗೌರಾ. ಹಾಗೆ ಅಂದ್ಕೊಂಡ್ರೆ ನನ್ನ ಕೆಲಸ ಸರಿಯಾಗಿದೆ ಅಂತ ಅರ್ಥ."

ಅಂಥವರನ್ನು ಇಲ್ಲಿಯವರ ಆರ್ಕೆಸ್ಟ್ರಾಕ್ಕೆ ಎಳೆದುಕೊಂಡು ಹೋದವಳು ನಾನೇ. ಎವರೆಟ್‌ನ ಒಂದು ಚರ್ಚಿನ ಹಾಲಿನಲ್ಲಿ ಊರಿನ ಜನವೇ ಸೇರಿ ನುಡಿಸುವ ಗುಂಪು ಅದು. ದಂತವೈದ್ಯ, ಟೀಚರು, ಅಂಚೆಯವನು, ಯಾರು ಬೇಕಾದರೂ. ಪಿಟೀಲಿನವರು ಬೇಕಾದಷ್ಟಿದ್ದಾರೆ, ವಯೋಲದವರು ಸಿಗುವುದಿಲ್ಲ ಎಂದು ಎದುರಿಗೆ ನಿಂತು ಕೋಲು ಆಡಿಸಿ ನುಡಿಸುವ ಅವರ ಕಂಡಕ್ಟರ್ ಡಯೇನ್ ಹೇಳಿದಳು. ವಯೋಲವೆಂದರೆ ಪಿಟೀಲಿನ ದಪ್ಪನೆಯ ಅಕ್ಕ, ದನಿ ಸ್ವಲ್ಪ ಕೆಳಗೆ. ಗುಂಪಿನವರೇ ಒಂದನ್ನು ಎರವಲು ಕೊಟ್ಟರು. ನೆಲದ ಮೇಲೆ ಕೂತು ಪಾದಕ್ಕೆ ಒರಗಿಸಿ ನುಡಿಸಿದವರು ಈಗ ಕುರ್ಚಿಯ ಮೇಲೆ ಕೂತು ಗದ್ದದ ಕೆಳಗೆ ಸಿಕ್ಕಿಸಿಕೊಳ್ಳಬೇಕು. ಕುತ್ತಿಗೆಗೆ ರಾತ್ರಿ ಅಮೃತಾಂಜನ. ಅವರ ಕಾಗದದ ಮೇಲಿನ ಕಾಳಿನಂಥ ಸ್ವರದ ಗುರುತುಗಳಿಗೆ ಪೆನ್ಸಿಲಿನಲ್ಲಿ ಸ ರಿ ಗ ಮ ಬರೆದುಕೊಂಡು ಕಲಿತರು. ಕೊನೆಯ ಕುರ್ಚಿ ಸಿಕ್ಕಿತು. ಗುಂಪಿನ ನಡುವೆ ಯಾರ ಹಿಂದಾದರೂ ಹೋಗಬಹುದಲ್ಲ, ಅವರಿಗೆ ಅದೇ ಸಾಕಾಗಿತ್ತು.

ಹೆದ್ದಾರಿಯಲ್ಲಿ ಕಾರು ಓಡಿಸಲು ಅವರಿಗೆ ಭಯ, ಆದ್ದರಿಂದ ಅಭ್ಯಾಸಕ್ಕೆ ನಾನೇ ಕರೆದೊಯ್ಯುತ್ತಿದ್ದೆ. "ನಿನಗ್ಯಾಕ ಬೇಕಲೇ ಆ ಉಸಾಬರಿ?" ಎಂದು ಅಡಿವೆಪ್ಪ ಕೇಳುತ್ತಿದ್ದ. ನನಗೆ ಆ ಸಂಗೀತ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಹಿಂದಿನ ಬೆಂಚಿನಲ್ಲಿ ಕೂತು ಹುರಿದ ಶೇಂಗಾ ತಿನ್ನುತ್ತಿದ್ದೆ. ಆದರೂ ಹೋಗುತ್ತಿದ್ದೆ, ಏಕೆಂದರೆ ವಾರದಲ್ಲಿ ಅದೊಂದು ದಿನ ಅವರು ಒಳ್ಳೆಯ ಸೀರೆ ಉಡುತ್ತಿದ್ದರು.

2014ರಲ್ಲಿ ಡಯೇನ್ ದೊಡ್ಡದೊಂದಕ್ಕೆ ಕೈ ಹಾಕಿದಳು. ನೂರೈವತ್ತು ವರ್ಷಕ್ಕೂ ಹಳೆಯದಾದ ಸಿಂಫನಿ, ಮೂರು ಭಾಗದ್ದು, ಒಂದು ಜರ್ಮನ್ ದಂತಕಥೆಯನ್ನು ಮಾತಿಲ್ಲದೆ ಹೇಳುವಂಥದ್ದು. ಕಥೆಯನ್ನು ನಮಗೆ ಹೇಳಿದವನು ವಾಲ್ಟರ್. ಅವನು ಓಬೊ ನುಡಿಸುತ್ತಿದ್ದ. ಓಬೊ ಎಂದರೆ ನಮ್ಮ ಕಡೆಯ ಸನಾದಿಯ ದೂರದ ಸಂಬಂಧಿ ಎನ್ನಬೇಕು, ತುಟಿಯ ನಡುವೆ ಜೊಂಡಿನ ಪೀಪಿ ಇಟ್ಟು ಊದುವುದು. ಎಪ್ಪತ್ತು ದಾಟಿದ ಮುದುಕ, ಮುಕಿಲ್ಟಿಯೊದ ಫೆರಿ ಹಡಗಿಗೆ ಕಾರುಗಳನ್ನು ಹತ್ತಿಸುವ ಕೆಲಸ ಮಾಡಿ ನಿವೃತ್ತನಾದವನು. ಹೆಂಡತಿ ತೀರಿಕೊಂಡಿದ್ದಳು. ಮಗಳು ಪರ್ವತದ ಆಚೆ ಸ್ಪೊಕೇನ್‌ನಲ್ಲಿ ಇದ್ದಳು.

ಚರ್ಚಿನ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತ ಅವನು ಹೇಳಿದ ಕಥೆ ಇಷ್ಟು. ಒಬ್ಬ ಮಹಾಪಂಡಿತ. ಓದಿ ಓದಿ ಸಾಕಾಗಿ, ಇನ್ನೂ ಏನೋ ಬೇಕೆಂದು ಸೈತಾನನಿಗೆ ತನ್ನ ಆತ್ಮವನ್ನೇ ಬರೆದುಕೊಟ್ಟ. ಸೈತಾನ ಅವನಿಗೆ ಹರೆಯ ಕೊಟ್ಟ. ಆ ಹರೆಯದಲ್ಲಿ ಪಂಡಿತ ಒಬ್ಬ ಬಡ ಹುಡುಗಿಯನ್ನು ಕೆಡಿಸಿದ. ಅವಳು ಸತ್ತಳು. ಕೊನೆಗೆ ಅವಳ ಪ್ರೀತಿಯಿಂದಲೇ ಅವನಿಗೆ ಮೋಕ್ಷ. ಸಿಂಫನಿಯ ಮೊದಲ ಭಾಗ ಪಂಡಿತನದು, ಎರಡನೆಯದು ಹುಡುಗಿಯದು, ಮೂರನೆಯದು ಸೈತಾನನದು.

ನನಗೆ ಮೈ ಉರಿಯಿತು. "ಕೆಡಿಸಿದಾಂವ ಇವ, ಸತ್ತಾಕಿ ಅಕಿ, ಮೋಕ್ಷ ಮಾತ್ರ ಇವಗ! ಎಲ್ಲಾ ದೇಶದಾಗೂ ಇದ ಕಥಿ ಏನ್ರಿ ಅಕ್ಕಾರ?" ರುಕ್ಮಿಣಿಯಕ್ಕ ಅದನ್ನು ಇಂಗ್ಲಿಷಿನಲ್ಲಿ ಹೇಳಿದರು. ವಾಲ್ಟರ್ ಕಾಫಿ ನೆತ್ತಿಗೇರುವಷ್ಟು ನಕ್ಕ. ಕೊನೆಯಲ್ಲಿ ಮೋಕ್ಷವನ್ನು ಹಾಡಲು ಗಂಡಸರದೇ ಒಂದು ದೊಡ್ಡ ಗಾಯನವೃಂದ ಬೇಕಂತೆ; ಊರಿನಲ್ಲಿ ಅಷ್ಟು ಹಾಡುವ ಗಂಡಸರು ಸಿಗದೆ ಡಯೇನ್ ಅದನ್ನು ಬಿಟ್ಟು ಬರಿಯ ವಾದ್ಯಗಳಲ್ಲೇ ಮುಗಿಸುವುದೆಂದು ಮಾಡಿದ್ದಳು. ಒಳ್ಳೆಯದಾಯಿತು ಎಂದೆ.

ಆಮೇಲೆ ವಾಲ್ಟರ್ ಇನ್ನೊಂದು ಮಾತು ಹೇಳಿದ. ಮೂರನೆಯ ಭಾಗದಲ್ಲಿ ಸೈತಾನನಿಗೆ ಸ್ವಂತದ ರಾಗವೇ ಇಲ್ಲ. ಅವನು ಪಂಡಿತನ ರಾಗಗಳನ್ನೇ ಎತ್ತಿಕೊಂಡು, ಸೊಟ್ಟ ಮಾಡಿ, ಅಣಕಿಸುತ್ತಾನೆ. ಹುಡುಗಿಯ ರಾಗವನ್ನು ಮಾತ್ರ ಅವನಿಂದ ಮುಟ್ಟಲು ಆಗುವುದಿಲ್ಲ. ಇದನ್ನು ಕೇಳಿ ರುಕ್ಮಿಣಿಯಕ್ಕ ಮನೆಗೆ ಬರುವಾಗ ಕಾರಿನಲ್ಲಿ ಹೇಳಿದರು:

"ನಂಗೂ ಸ್ವಂತದ್ದು ಅಂತ ಒಂದು ರಾಗ ಇಲ್ಲ ಗೌರಾ. ಯಾವಾಗ್ಲೂ ಇನ್ನೊಬ್ಬರದ್ದೇ ಎತ್ಕೊಂಡು ನುಡಿಸಿದೀನಿ. ನಾನೂ ಆ ದೆವ್ವದ ಜಾತೀನೇ ಇರ್ಬೇಕು."

"ದೆವ್ವ ಅಣಗಸ್ತೈತಿ. ನೀವು ಕಾಯ್ತೀರಿ. ಫರಕ್ ಇಲ್ಲೇನ್ರಿ?" ಎಂದೆ. ಬಾಯಿಗೆ ಬಂದದ್ದನ್ನು ಹೇಳಿದ್ದು. ಅವರು ಕಿಟಕಿಯ ಕಡೆ ತಿರುಗಿ ಕೂತರು.

ಹುಡುಗಿಯ ಭಾಗ ಶುರುವಾಗುವುದು ಓಬೊದಿಂದ. ಉಳಿದವರೆಲ್ಲ ಸುಮ್ಮನಿದ್ದಾಗ ಓಬೊ ಆ ರಾಗವನ್ನು ಎತ್ತಬೇಕು, ಅದರ ಜೊತೆಗೆ ಒಂದೇ ಒಂದು ವಯೋಲ ಹೆಣೆದುಕೊಂಡು ಹೋಗಬೇಕು. ಮುಂದಿನ ಕುರ್ಚಿಯ ವಯೋಲದವಳು ಬಸುರಿ, ಗುಂಪಿನಲ್ಲಾದರೆ ಸರಿ, ಒಬ್ಬಳೇ ನುಡಿಸಲು ಅವಳಿಗೆ ಆಗುವುದಿಲ್ಲ. ಡಯೇನ್ ಉಳಿದವರನ್ನು ಒಬ್ಬೊಬ್ಬರಾಗಿ ವಾಲ್ಟರನ ಪಕ್ಕದಲ್ಲಿ ಕೂರಿಸಿ ನುಡಿಸಿ ನೋಡಿದಳು. ತೊಂದರೆ ಏನೆಂದರೆ ವಾಲ್ಟರನ ಶ್ವಾಸಕೋಶ ಹಳೆಯದಾಗಿತ್ತು. ರಾಗದ ಸಾಲು ಮುಗಿಯುವ ಮುಂಚೆಯೇ ಅವನಿಗೆ ಉಸಿರು ಸಾಲದೆ ಬರುತ್ತಿತ್ತು. ಅವನು ನಿಂತು ಉಸಿರೆಳೆದುಕೊಳ್ಳುವಷ್ಟರಲ್ಲಿ ವಯೋಲದ ದಂತವೈದ್ಯ ತನ್ನ ಪಾಡಿಗೆ ಎಣಿಸಿಕೊಂಡು ಮುಂದೆ ಹೋಗಿರುತ್ತಿದ್ದ. ಎತ್ತು ಏರಿಗೆ, ಕೋಣ ನೀರಿಗೆ.

ಕೊನೆಗೆ ರುಕ್ಮಿಣಿಯಕ್ಕ ಕೂತರು. ವಾಲ್ಟರ್ ಎತ್ತಿದ. ಅವನ ಉಸಿರು ಎಲ್ಲಿ ತುಂಡಾಯಿತೋ ಅಲ್ಲಿ ಅವರ ಕಮಾನೂ ತಂತಿಯ ಮೇಲೆಯೇ ನಿಂತಿತು. ಅವನು ಎಳೆದುಕೊಂಡ, ಮುಂದೆ ಹೋದ, ಅವರೂ ಹೋದರು. ಶೇಂಗಾ ತಿನ್ನುವ ನನಗೂ ಗೊತ್ತಾಯಿತು, ಕಥೆಯ ಆ ಹುಡುಗಿ ಏನೋ ಹೇಳಲು ಹೋಗಿ ಒಂದು ಕ್ಷಣ ತಡೆದ ಹಾಗಿತ್ತು.

ಡಯೇನ್ ಮೊದಲು ಒಪ್ಪಲಿಲ್ಲ. "ಎಲ್ಲರೂ ನನ್ನ ಕೋಲನ್ನು ನೋಡಬೇಕು, ರುಕ್ಮಿಣಿ. ವಾಲ್ಟರನ್ನಲ್ಲ," ಎಂದಳು.

ರುಕ್ಮಿಣಿಯಕ್ಕ ನಿಜವಾಗಿಯೂ ಗೊಂದಲಕ್ಕೆ ಬಿದ್ದರು. "ಆದರೆ ಈಗ ಹಾಡುತ್ತಿರುವುದು ಅವರಲ್ಲವೇ?" ಎಂದು ಕೇಳಿದರು.

ನಮ್ಮ ಸಂಗೀತದಲ್ಲಿ ಕೋಲು ಹಿಡಿದು ಎದುರಿಗೆ ನಿಲ್ಲುವವರು ಇಲ್ಲ. ಹಾಡುವವರು ಹೋದತ್ತ ಪಕ್ಕದವರು ಹೋಗಬೇಕು. ಇದು ಡಯೇನಳಿಗೆ ತಿಳಿಯಲಿಲ್ಲ, ಆದರೆ ಅವಳಿಗೆ ಕಿವಿ ಇತ್ತು. ಮುಂದಿನ ಅಭ್ಯಾಸದಲ್ಲಿ ತಾನೇ ಆ ಜಾಗದಲ್ಲಿ ಕೋಲನ್ನು ಹಿಡಿದು ನಿಲ್ಲಿಸಿ, ಉಳಿದವರಿಗೂ ಕಾಯಲು ಹೇಳಿದಳು. ಅಲ್ಲಿಗೆ ಅಷ್ಟೂ ಆರ್ಕೆಸ್ಟ್ರಾ ಒಬ್ಬ ಮುದುಕನ ಉಸಿರಿಗೆ ಕಾಯತೊಡಗಿತು.

ಆ ವಸಂತದಲ್ಲಿ ಕೆಳಗಿನ ಮನೆಯಲ್ಲಿ ಮತ್ತೆ ದನಿ ಕೇಳಿಸಿತು. ಶನಿವಾರ ಮಧ್ಯಾಹ್ನ ವಾಲ್ಟರ್ ಬರುವನು, ಜೊಂಡನ್ನು ಚಾಕುವಿನಲ್ಲಿ ಹೆರೆದು ಪೀಪಿ ಸರಿಮಾಡಿಕೊಳ್ಳುವನು. ಇಬ್ಬರೂ ಅದನ್ನೇ ನುಡಿಸಿದ್ದು, ನುಡಿಸಿದ್ದು. ಮಾತು ಕಡಿಮೆ. ರುಕ್ಮಿಣಿಯಕ್ಕ ಬಿಸಿಬೇಳೆಭಾತ್ ಮಾಡುವರು, ಅವನು ಕಣ್ಣಲ್ಲಿ ನೀರು ಸುರಿಸುತ್ತ ಎರಡನೆಯ ಸಲ ಹಾಕಿಸಿಕೊಳ್ಳುವನು. ಅವನ ಹುಟ್ಟಿದ ಊರು ಯಾವುದು ಎಂದು ನಾನು ಕೇಳಿದರೆ ಅವರಿಗೆ ಗೊತ್ತಿರಲಿಲ್ಲ. "ಎಡಗಡೆ ಭುಜ ಸ್ವಲ್ಪ ಎತ್ತಿದ್ರೆ ಉಸಿರು ತಗೋತಾರೆ ಅಂತ ಅರ್ಥ. ಮೋಡ ಇದ್ದ ದಿನ ಬೇಗ ತಗೋತಾರೆ," ಎಂದರು. ಮೋಡ ಇಲ್ಲದ ದಿನ ಈ ಊರಿನಲ್ಲಿ ಎಲ್ಲಿದೆ ಎಂದು ನಾನು ನಕ್ಕೆ. ಅವರೂ ನಕ್ಕರು. ಶಿವಕುಮಾರ ಅವರು ಹೋದ ಮೇಲೆ ಅವರು ಹಲ್ಲು ಕಾಣುವಂತೆ ನಕ್ಕಿದ್ದನ್ನು ನಾನು ನೋಡಿದ್ದು ಆಗಲೇ.

ಆಡುವವರ ಬಾಯಿಗೆ ಬೀಗ ಉಂಟೇ? ಕ್ರಾಸ್‌ರೋಡ್ಸ್‌ನ ಇಂಡಿಯನ್ ಅಂಗಡಿಯಲ್ಲಿ ನುಗ್ಗೆಕಾಯಿ ಆರಿಸುತ್ತಿದ್ದಾಗ ಸುಮಿತ್ರಮ್ಮ ನನ್ನ ಪಕ್ಕಕ್ಕೆ ಬಂದರು.

"ನಿಮ್ಮ ರುಕ್ಮಿಣಿ ಯಾವನೋ ಬಿಳಿ ಮುದುಕನ್ನ ಮನೆಗೆ ಕರ್ಕೊಂಡು ಬಂದು ಊಟ ಹಾಕ್ತಾಳಂತೆ?"

"ಹೌದ್ರಿ, ಹಾಕ್ತಾರ. ನೀವು ಒಂದು ಸಲನಾದ್ರೂ ಅವರನ್ನ ಕರದು ಊಟಕ್ಕ ಹಾಕೀರೇನು?" ಎಂದೆ. ಅಂಗಡಿಯ ತೆಲುಗು ಹುಡುಗ ತಕ್ಕಡಿ ಬಿಟ್ಟು ನೋಡಿದ. ಸುಮಿತ್ರಮ್ಮ ನುಗ್ಗೆಕಾಯಿ ಅಲ್ಲಿಯೇ ಇಟ್ಟು ಹೋದರು. ಇದನ್ನು ನಾನು ರುಕ್ಮಿಣಿಯಕ್ಕನಿಗೆ ಹೇಳಲಿಲ್ಲ.

ಕಛೇರಿ ಮೇ ತಿಂಗಳ ಒಂದು ಭಾನುವಾರ ಮಧ್ಯಾಹ್ನಕ್ಕೆ ನಿಗದಿಯಾಗಿತ್ತು. ಅದಕ್ಕೆ ಸ್ವಲ್ಪ ದಿನ ಮುಂಚೆ ಒಂದು ಶನಿವಾರ ವಾಲ್ಟರ್ ಬರಲಿಲ್ಲ. ಫೋನೂ ಎತ್ತಲಿಲ್ಲ. ರುಕ್ಮಿಣಿಯಕ್ಕ ಭಾತ್ ಆರಿ ಗಟ್ಟಿಯಾಗುವ ತನಕ ಕೂತಿದ್ದು, ಆಮೇಲೆ ನನ್ನನ್ನು ಕರೆದುಕೊಂಡು ಅವನ ಮನೆಯ ತನಕ ಹೋದರು. ಬಾಗಿಲು ಹಾಕಿತ್ತು. ಪಕ್ಕದ ಮನೆಯವನು ಆಂಬುಲೆನ್ಸ್ ಬಂದಿತ್ತೆಂದು ಹೇಳಿದ. ನ್ಯುಮೋನಿಯಾ. ಜೀವಕ್ಕೆ ಅಪಾಯವಿರಲಿಲ್ಲ, ಆದರೆ ಇನ್ನು ಊದಕೂಡದೆಂದು ಡಾಕ್ಟರು ಹೇಳಿದರು. ಮಗಳು ಬಂದು ಆಸ್ಪತ್ರೆಯಿಂದಲೇ ನೇರವಾಗಿ ಸ್ಪೊಕೇನ್‌ಗೆ ಕರೆದುಕೊಂಡು ಹೋದಳು. ಯಾರ ತಪ್ಪೂ ಅಲ್ಲ. ಮುದುಕರನ್ನು ಮಕ್ಕಳು ಕರೆದೊಯ್ಯದಿದ್ದರೆ ನಾವೇ ಬೈಯುತ್ತೇವೆ.

ಒಂದು ಸಲ ಅವನೇ ಫೋನು ಮಾಡಿದ. ನಾನು ಅಲ್ಲಿಯೇ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದೆ. ಹೇಗಿದ್ದೀರಿ ಎಂದು ಇವರು ಕೇಳಿದರು, ಚೆನ್ನಾಗಿದ್ದೇನೆ ಎಂದು ಅವನು ಹೇಳಿರಬೇಕು. ಅದಾದ ಮೇಲೆ ರುಕ್ಮಿಣಿಯಕ್ಕ ಫೋನನ್ನು ಕಿವಿಗೆ ಒತ್ತಿಕೊಂಡು ಬಹಳ ಹೊತ್ತು ಕೂತಿದ್ದರು. "ಈಗಲೂ ಸಾಲ್ತಿಲ್ಲ ಅವರಿಗೆ," ಎಂದು ಫೋನು ಇಟ್ಟ ಮೇಲೆ ಹೇಳಿದರು. ಉಸಿರನ್ನು ಕುರಿತು ಹೇಳಿದ್ದು.

ಡಯೇನ್ ಸಿಯಾಟಲ್‌ನಿಂದ ಸಂಬಳಕ್ಕೆ ನುಡಿಸುವ ಒಬ್ಬ ಓಬೊದ ಹುಡುಗಿಯನ್ನು ಕರೆಸಿದಳು. ಅವಳು ಕಛೇರಿಯ ಹಿಂದಿನ ದಿನ ಬೆಳಿಗ್ಗೆ, ಕೊನೆಯ ಅಭ್ಯಾಸಕ್ಕೆ ಬಂದಳು. ಒಳ್ಳೆಯ ಹುಡುಗಿ, ನಗುಮುಖ, ಎದೆಯಲ್ಲಿ ತಿದಿ ಇಟ್ಟುಕೊಂಡ ಹಾಗೆ ಉದ್ದನೆಯ ಉಸಿರು. ಕಥೆಯ ಹುಡುಗಿಯ ಭಾಗ ಶುರುವಾಯಿತು. ಓಬೊದವಳು ಸಾಲನ್ನು ನಿಲ್ಲಿಸದೆ ನುಡಿಸಿಕೊಂಡು ಹೋದಳು. ವಾಲ್ಟರ್ ಉಸಿರು ತೆಗೆದುಕೊಳ್ಳುತ್ತಿದ್ದ ಜಾಗ ಬಂದಾಗ ರುಕ್ಮಿಣಿಯಕ್ಕನ ಕಮಾನು ನಿಂತಿತು. ಓಬೊ ಮುಂದೆ ಹೋಗಿಬಿಟ್ಟಿತ್ತು.

ಡಯೇನ್ ನಿಲ್ಲಿಸಿ ಮತ್ತೆ ಶುರು ಮಾಡಿಸಿದಳು. ಮತ್ತೆ ಅಲ್ಲಿಯೇ ನಿಂತರು. ಇನ್ನೊಮ್ಮೆ. ಇನ್ನೂ ಒಮ್ಮೆ. ಪಿಟೀಲಿನ ಸಾಲಿನಲ್ಲಿ ಯಾರೋ ಗಡಿಯಾರ ನೋಡಿಕೊಂಡರು. ಆ ಗಡಿಯಾರ ಕಿತ್ತು ಎಸೆಯಬೇಕೆನ್ನಿಸಿತು ನನಗೆ.

ಡಯೇನ್ ವೇದಿಕೆಯಿಂದ ಇಳಿದು ಅವರ ಕುರ್ಚಿಯ ಹತ್ತಿರ ಬಂದು ಬಗ್ಗಿ, ಮೆಲ್ಲಗೆ ಹೇಳಿದಳು: "ರುಕ್ಮಿಣಿ, ಅವರು ಇಲ್ಲಿಲ್ಲ. ಈಗ ಅಲ್ಲಿ ಯಾರೂ ಉಸಿರು ತೆಗೆದುಕೊಳ್ಳುವುದಿಲ್ಲ. ಕಷ್ಟವಾದರೆ ಹೇಳಿ, ನಾಳೆಗೆ ದಂತವೈದ್ಯರಿಗೆ ಕೊಡುತ್ತೇನೆ. ನಿಮ್ಮ ಮೇಲೆ ಬೇಸರವಿಲ್ಲ." ನಿಜಕ್ಕೂ ಬೇಸರವಿರಲಿಲ್ಲ, ಅದಕ್ಕೇ ಅದು ಇನ್ನೂ ಕೆಟ್ಟದಾಗಿ ಕೇಳಿಸಿತು. ಸಂಜೆಯೊಳಗೆ ಹೇಳುತ್ತೇನೆಂದು ರುಕ್ಮಿಣಿಯಕ್ಕ ಎದ್ದು ಬಂದರು.

ಕಾರಿನಲ್ಲಿ ಅವರು ಅಳುತ್ತಾರೆಂದು ಕಾದೆ. ಅಳಲಿಲ್ಲ.

"ನಾನು ಆ ರಾಗ ಕಲ್ತೇ ಇಲ್ಲ ಗೌರಾ," ಎಂದರು. "ವಾಲ್ಟರನ್ನ ಕಲ್ತಿದೀನಿ. ಅಲ್ಲಿ ಬಂದ ತಕ್ಷಣ ಕೈ ತಾನಾಗೇ ನಿಂತ್ಹೋಗುತ್ತೆ. ನಾನು ನಿಲ್ಲಿಸ್ತಿಲ್ಲ."

"ಹಂಗಾದ್ರ ಬಿಟ್ಟುಬಿಡ್ರಿ ಅಕ್ಕಾರ. ಆ ಹಲ್ಲು ಕೀಳಾಂವನ ನುಡಿಸ್ಲಿ. ಯಾರಿಗೇನ್ ನುಕ್ಸಾನ?"

"ಬಿಟ್ರೆ ಮತ್ತೆ ಪೆಟ್ಟಿಗೆಗೆ ಹಾಕ್ಬೇಕು. ಅಕ್ಕ ಹೋದಾಗ ಹಾಕಿದ್ದೆ. ನಮ್ಮನೆಯವ್ರು ಹೋದಾಗ ಹಾಕಿದ್ದೆ. ಈ ಸಲ ಹಾಕಿದ್ರೆ ನಾನು ಇನ್ನು ತೆಗೆಯಲ್ಲ, ಅದು ನಂಗೊತ್ತು."

ಮನೆಗೆ ಬಂದು ಅವರು ನನ್ನನ್ನು ಅಡುಗೆಮನೆಯ ಮೇಜಿನ ಮುಂದೆ ಕೂರಿಸಿದರು. ಸ್ಟೀಲಿನ ಡಬ್ಬಿಯೊಂದನ್ನು ಬೋರಲು ಹಾಕಿ, ಕೈಗೆ ಚಮಚ ಕೊಟ್ಟರು. "ಗಡಿಯಾರದ ಹಾಗೆ ಬಡೀತಾ ಇರು. ನಾನು ಏನೇ ಮಾಡಿದ್ರೂ ನಿಲ್ಲಿಸ್ಬೇಡ. ನೀನು ನಂಗೆ ಕಾಯ್ಬಾರ್ದು." ಸಂಗೀತ ಬಾರದವಳನ್ನು ಕೂರಿಸಿಕೊಂಡದ್ದು ಏಕೆಂದು ಆಗ ತಿಳಿಯಿತು. ಬರುವವಳಾಗಿದ್ದರೆ ನಾನೂ ಕಾಯುತ್ತಿದ್ದೆ.

ನಾನು ಬಡಿದೆ. ಅವರು ನುಡಿಸಿದರು. ಆ ಜಾಗ ಬಂತು, ನಿಂತರು, ನನ್ನ ಚಮಚ ಮುಂದೆ ಹೋಯಿತು. ಮೊದಲಿನಿಂದ ಶುರು. ಮೇಲಿನಿಂದ ಅಡಿವೆಪ್ಪ ಇಳಿದು ಬಂದು ಬಾಗಿಲಲ್ಲಿ ನಿಂತು ನೋಡಿ, ವಾಪಸು ಹೋಗಿ ತಾನೇ ಅನ್ನಕ್ಕಿಟ್ಟ. ಪ್ರತಿ ಸಲ ಅವರು ನಿಲ್ಲುವ ಹೊತ್ತು ಚಿಕ್ಕದಾಗುತ್ತಿತ್ತು, ಅದನ್ನು ಚಿಕ್ಕದು ಮಾಡುತ್ತಿದ್ದವಳು ಚಮಚ ಹಿಡಿದ ನಾನು. ಒಂದು ಸಲ ಕೈ ತಡೆಯಿತು. "ಬಡಿ," ಎಂದು ಗದರಿದರು. ನನ್ನನ್ನು ಅವರು ಅದಕ್ಕೆ ಮುಂಚೆ ಎಂದೂ ಗದರಿರಲಿಲ್ಲ.

ಹೊರಗೆ ಇನ್ನೂ ಬೆಳಕಿರುವಾಗಲೇ ಅವರು ಆ ಜಾಗವನ್ನು ನಿಲ್ಲದೆ ದಾಟಿದರು. ಮತ್ತೊಮ್ಮೆ ದಾಟಿದರು. ಆಮೇಲೆ ದಾಟುತ್ತಲೇ ಇದ್ದರು. ವಯೋಲವನ್ನು ಮಡಿಲಲ್ಲಿ ಇಟ್ಟುಕೊಂಡು, "ಸಾಕು ಗೌರಾ, ಆಯ್ತು," ಎಂದರು. ಡಯೇನಳಿಗೆ ಫೋನು ಮಾಡಿ, ನಾನೇ ನುಡಿಸುತ್ತೇನೆ ಎಂದು ಹೇಳಿದರು. ನಾನು ಮೇಲೆ ಬಂದು ಅಡಿವೆಪ್ಪನ ಮೇಲೆ ಸುಮ್ಮಸುಮ್ಮನೆ ರೇಗಿದೆ, ಅನ್ನ ಮುದ್ದೆಯಾಗಿದೆ ಎಂದು.

ಭಾನುವಾರ ಎವರೆಟ್‌ನ ಸಭಾಂಗಣ ಮುಕ್ಕಾಲು ತುಂಬಿತ್ತು. ಕಾರ್ಖಾನೆಯ ಜನ, ನೌಕಾನೆಲೆಯ ಕೆಲವರು, ನುಡಿಸುವವರ ಹೆಂಡತಿ ಮಕ್ಕಳು. ಅಡಿವೆಪ್ಪನನ್ನು ಕೋಟು ಹಾಕಿಸಿ ಕರೆತಂದಿದ್ದೆ. ಎಲ್ಲರೂ ಕರಿಯ ಉಡುಪು ಹಾಕಬೇಕಿತ್ತು. ರುಕ್ಮಿಣಿಯಕ್ಕ ಬಣ್ಣದ ಅಂಚಿಲ್ಲದ ಕರಿಯ ಸೀರೆ ಹುಡುಕಿ ತಂದು ಉಟ್ಟಿದ್ದರು. ಶುಭಕ್ಕೆ ಹೋಗುವಾಗ ಯಾರೂ ಉಡದ ಬಣ್ಣ. ಪಂಡಿತನ ಭಾಗ ಬಹಳ ಉದ್ದ, ಅಡಿವೆಪ್ಪ ಎರಡು ಸಲ ತೂಕಡಿಸಿದ.

ಆಮೇಲೆ ಎಲ್ಲ ವಾದ್ಯಗಳೂ ತಗ್ಗಿದವು. ಬಾಡಿಗೆಯ ಹುಡುಗಿ ಓಬೊ ಎತ್ತಿದಳು, ರುಕ್ಮಿಣಿಯಕ್ಕ ಜೊತೆಯಾದರು. ನನ್ನ ಬಲಗೈ ತೊಡೆಯ ಮೇಲೆ ತಾನಾಗಿ ಬಡಿಯುತ್ತಿತ್ತು. ಆ ಜಾಗ ಬಂತು. ಅವರ ಕಣ್ಣು ಡಯೇನಳ ಕೋಲಿನ ಮೇಲಿತ್ತು. ಕಮಾನು ನಿಲ್ಲಲಿಲ್ಲ. ನೀರು ಹರಿದ ಹಾಗೆ ದಾಟಿಹೋಯಿತು. ಪಕ್ಕದಲ್ಲಿದ್ದ ಹೆಂಗಸೊಬ್ಬಳು ಚೆನ್ನಾಗಿದೆಯೆಂದು ಉಸುರಿದಳು. ನಿಜವಾಗಿಯೂ ಚೆನ್ನಾಗಿತ್ತು, ಎಲ್ಲಿಯೂ ತಪ್ಪಿರಲಿಲ್ಲ. ಆದರೆ ಕಥೆಯ ಆ ಹುಡುಗಿ ಈಗ ಏನನ್ನೂ ಹೇಳಲು ತಡೆಯಲಿಲ್ಲ, ಸುಮ್ಮನೆ ನಮ್ಮ ಮುಂದಿನಿಂದ ನಡೆದುಹೋದಳು. ನನಗೆ ಅಳು ಬಂತು. ಸೈತಾನ ಬಂದು ಎಲ್ಲವನ್ನೂ ಅಣಕಿಸಿ ಹೋಗುವ ತನಕವೂ ಕಣ್ಣು ಒರೆಸಿಕೊಳ್ಳುತ್ತಲೇ ಇದ್ದೆ.

ಮುಗಿದ ಮೇಲೆ ಡಯೇನ್ ಓಬೊದ ಹುಡುಗಿಯನ್ನೂ ರುಕ್ಮಿಣಿಯಕ್ಕನನ್ನೂ ಎಬ್ಬಿಸಿ ನಿಲ್ಲಿಸಿದಳು. ಜನ ಜೋರಾಗಿ ಚಪ್ಪಾಳೆ ತಟ್ಟಿದರು. ಅಡಿವೆಪ್ಪ ಎದ್ದು ನಿಂತು ಶಿಳ್ಳೆ ಹೊಡೆದ, ನಾನು ಬೇಡವೆನ್ನಲಿಲ್ಲ. ರುಕ್ಮಿಣಿಯಕ್ಕ ಕೈ ಮುಗಿದರು.

ಹೊರಗಿನ ಹಜಾರದಲ್ಲಿ ಗದ್ದಲವೋ ಗದ್ದಲ. ದಂತವೈದ್ಯನನ್ನು ಮೊಮ್ಮಕ್ಕಳು ಸುತ್ತಿಕೊಂಡಿದ್ದರು, ಬಸುರಿ ಹುಡುಗಿಯ ಗಂಡ ಹೂವು ತಂದಿದ್ದ. ರುಕ್ಮಿಣಿಯಕ್ಕ ವಯೋಲದ ಪೆಟ್ಟಿಗೆ ಹಿಡಿದುಕೊಂಡು ಕಂಬದ ಪಕ್ಕ ನಿಂತಿದ್ದರು. ನಾವು ಹೋಗಿ ಕೈ ಹಿಡಿದೆವು. ಡಯೇನ್ ಜನರ ನಡುವೆ ದಾರಿ ಮಾಡಿಕೊಂಡು ಬಂದು ಅವರನ್ನು ತಬ್ಬಿಕೊಂಡಳು.

"ಒಂದು ಕೂದಲೆಳೆಯಷ್ಟೂ ತಪ್ಪಲಿಲ್ಲ ನೀವು!" ಎಂದಳು. "ಪೂರ್ತಿ ರೆಕಾರ್ಡ್ ಮಾಡಿಸಿದ್ದೇನೆ. ಇವತ್ತೇ ವಾಲ್ಟರ್‌ಗೆ ಕಳಿಸುತ್ತೇನೆ, ಎಷ್ಟು ಸಂತೋಷಪಡುತ್ತಾರೋ."

ರುಕ್ಮಿಣಿಯಕ್ಕ ಅವಳ ತೋಳು ಬಿಡಿಸಿಕೊಂಡರು. "ಬೇಡ. ದಯವಿಟ್ಟು ಕಳಿಸಬೇಡಿ," ಎಂದು ಇಂಗ್ಲಿಷಿನಲ್ಲಿ ಹೇಳಿದರು.

ಡಯೇನ್ ಅರ್ಥವಾಗದೆ ನನ್ನ ಮುಖ ನೋಡಿದಳು. ಏಕೆ ಬೇಡವೆಂದು ನಾನೂ ಕೇಳಿದೆ. ರುಕ್ಮಿಣಿಯಕ್ಕ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು:

"ಅವರು ಅದನ್ನ ಹಾಕ್ಕೊಂಡು ಜೊತೆಗೆ ನುಡಿಸ್ಕೋತಾರೆ ಗೌರಾ. ಊದೋಕೆ ಆಗ್ದಿದ್ರೂ ಬೆರಳಲ್ಲಾದ್ರೂ ನುಡಿಸ್ಕೋತಾರೆ. ಆ ಜಾಗ ಬರುತ್ತೆ. ಉಸಿರು ತಗೊಳ್ಳೋಕೆ ನಿಲ್ತಾರೆ. ನಾನು ಮುಂದೆ ಹೋಗ್ಬಿಟ್ಟಿರ್ತೀನಿ."

ಅವರು ಏನು ಹೇಳಿದರೆಂದು ಡಯೇನ್ ನನ್ನನ್ನು ಕೇಳಿದಳು. ಯಾರಿಗೆ ಏನು ಬೇಕಾದರೂ ಉತ್ತರ ಕೊಡುವ ನಾನು, ಕಳಿಸಬೇಡಿ ಎಂದಷ್ಟೇ ಇಂಗ್ಲಿಷಿನಲ್ಲಿ ಇನ್ನೊಮ್ಮೆ ಹೇಳಿದೆ. ಅಡಿವೆಪ್ಪ ರುಕ್ಮಿಣಿಯಕ್ಕನ ಕೈಯಿಂದ ಪೆಟ್ಟಿಗೆ ತೆಗೆದುಕೊಂಡ. ನಾವು ಮೂವರೂ ಕಾರಿನ ಕಡೆಗೆ ನಡೆದೆವು.